ಕಣ್ಣು ತಾಗಿದ ಗೇರು

ಕೈರೋದ ಶುಬ್ರಾ ಬಡಾವಣೆಯಲ್ಲಿ ಕಾರು ಕೆಟ್ಟರೆ ಮೆಕ್ಯಾನಿಕ್ ನೋಡುವುದು ಕೊನೆಗೆ. ಅದಕ್ಕೂ ಮೊದಲು ಚಹಾದಂಗಡಿಯವನು, ಇಸ್ತ್ರಿಯವನು, ಸುಮ್ಮನೆ ಹೋಗುತ್ತಿದ್ದವರು, ಎಲ್ಲರೂ ನಾಡಿ ಹಿಡಿದು ಮುಗಿಸಿರಬೇಕು. ಗುರುವಾರ ಮಧ್ಯಾಹ್ನ ಹಾಜಿ ಲುತ್ಫಿಯ ನಲವತ್ತೆಂಟು ವರ್ಷದ ಬಿಳಿ ಕಾರನ್ನು ಶಹಾತಾನ ಗ್ಯಾರೇಜಿಗೆ ತಳ್ಳಿಕೊಂಡು ಬರುವಷ್ಟರಲ್ಲಿ ಅದಕ್ಕೆ ಒಂಬತ್ತು ರೋಗ ಅಂಟಿಸಿಯಾಗಿತ್ತು.

ಸಂಜೆ ಹಾಜಿಯ ಒಬ್ಬಳೇ ಮಗಳು ನಿರ್ಮೀನಳ ಮದುವೆ. ಹೆಂಡತಿಯನ್ನು ಕರೆತಂದ ಕಾರಿನಲ್ಲೇ ಮಗಳನ್ನೂ ಕಳಿಸಬೇಕೆಂಬುದು ಹಾಜಿಯ ಹಟ. ಆಗದಿದ್ದರೆ ಭಾವಮೈದುನ ಮುಮ್ತಾಜನ ಹೊಸ ಕಾರು ಹೂವೇರಿಸಿಕೊಂಡು ನಿಂತೇ ಇತ್ತು. ಮುಮ್ತಾಜ್ ಇಂಜಿನಿಯರು. ಫ್ರಿಜ್ಜಿನ ಕಂಪನಿಯಲ್ಲಿ.

"ಗೇರ್‌ಬಾಕ್ಸ್ ಹೋಗಿದೆ, ಇಳಿಸು," ಅಂದ ಅವನು, ಕರಿ ಕನ್ನಡಕ ತೆಗೆಯದೆ.

"ಇಳಿಸ್ತೀನಿ ಇಂಜಿನಿಯರ್ ಸಾಹೇಬ್ರೇ. ಏರಿಸೋದು ಶನಿವಾರ. ಅಲ್ಲೀವರೆಗೆ ಮದುಮಗನ್ನ ನಿಮ್ಮ ಫ್ರಿಜ್ಜಲ್ಲಿ ಇಟ್ಟಿರ್ತೀರಾ?"

ಶಹಾತಾ ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಸರ್ಟಿಫಿಕೇಟಿನವರನ್ನು ಕಂಡರೆ ಅವನ ಕೈಯ ಸ್ಪ್ಯಾನರು ತಾನಾಗಿ ಬಿಗಿಯಾಗುತ್ತಿತ್ತು. ಸೀಟಿನಲ್ಲಿ ಕೂತು ಗೇರ್ ಮುಟ್ಟಿದ. ಕಾಳು ಬೇಯುವ ಹಂಡೆಯಲ್ಲಿ ಬಿಟ್ಟ ಸೌಟಿನ ಹಾಗೆ ಅದು ಬೇಕಾದ ಕಡೆ ವಾಲಿತು. ಕಾರಿನಡಿಗೆ ನುಸುಳಿ ಗೇರ್‌ಬಾಕ್ಸಿನ ಸರಳನ್ನು ಕೈಯಿಂದಲೇ ಎಳೆದ. ಒಂದೊಂದು ಗೇರೂ ಟಕ್ಕೆಂದು ಕೂತಿತು. ಪೆಟ್ಟಿಗೆ ಗಟ್ಟಿಯಾಗೇ ಇದೆ. ಸಡಿಲ ಇರುವುದು ಮೇಲೆ.

ಗೇರಿನ ಬುಡದ ರಬ್ಬರು ತೆಗೆದದ್ದೇ ಗಮ್ಮೆಂದು ಸಾಂಬ್ರಾಣಿ ವಾಸನೆ. ಗೇರಿನ ಕೋಲಿನ ಕೆಳತುದಿಯ ಗುಂಡು ಕೂರುವ ಪ್ಲಾಸ್ಟಿಕ್ ಬಟ್ಟಲು ಮೇಣದಬತ್ತಿಯಂತೆ ಕರಗಿಹೋಗಿತ್ತು. ಜೊತೆಗೊಂದು ಇದ್ದಿಲ ಚೂರು.

"ಹಾಜಿ, ಇದರೊಳಗೆ ಅಡುಗೆ ಮಾಡಿದ್ಯಾರು?"

ಹಾಜಿ ಸೂರು ನೋಡಿದ. ಅವನ ಹೆಂಡತಿ ಸನಿಯ್ಯಾ ಮುಂದೆ ಬಂದಳು. "ಅಡುಗೆ ಅಲ್ಲಪ್ಪಾ, ಧೂಪ. ಮೂರು ವಾರದ ಹಿಂದೆ ಮದುವೆಗೇಂತ ಕಾರು ತೊಳೆಸಿದ್ವಿ, ಪಕ್ಕದ್ಮನೆಯೋಳು ಕಣ್ಣು ಹಾಕಿದ್ಲು. ಏಳು ಸುತ್ತು ಧೂಪ ತಿರುಗಿಸಿ ಗೇರಿನ ಹತ್ರ ಇಟ್ಟೆ. ಗೇರು ಅಲ್ಲಾಡೋಕೆ ಹತ್ತಿತು. ಕಣ್ಣು ಜೋರಾಗೇ ಬಿದ್ದಿದೆ ಅಂತ ಇನ್ನೊಂದ್ಸಲ ಇಟ್ಟೆ."

"ಅಷ್ಟಕ್ಕೇ ಬಿಟ್ರಾ?"

"ಇವತ್ತು ಬೆಳಿಗ್ಗೆ ಸ್ವಲ್ಪ ಕೆಂಡ ಜಾಸ್ತಿ ಹಾಕ್ದೆ."

"ಪಕ್ಕದ್ಮನೆಯೋಳ್ನ ಬೈಬೇಡಿ ಅಮ್ಮಾ. ಇಷ್ಟು ಮಾಡೋ ತಾಕತ್ತು ಅವಳಿಗೆಲ್ಲಿ ಬರ್ಬೇಕು."

"ಆ ಬಟ್ಟಲು ಈಗ ಎಲ್ಲೂ ಸಿಗಲ್ಲ," ಅಂದ ಮುಮ್ತಾಜ್, ಖುಷಿಯನ್ನು ಪೂರ್ತಿ ಮುಚ್ಚಿಡಲಾಗದೆ. "ನಿರ್ಮೀನ್ ನನ್ನ ಕಾರಲ್ಲೇ ಬರ್ಲಿ."

ಶಹಾತಾ ಕಬಾಬಿನಂಗಡಿಗೆ ಹೋಗಿ ಮಾಂಸ ಕೊಚ್ಚುವ ದಪ್ಪ ಪ್ಲಾಸ್ಟಿಕ್ ಹಲಗೆ ಎತ್ತಿಕೊಂಡು ಬಂದ. ಓಣಿಯ ತುದಿಯ ಲೇತಿನವನ ಪಕ್ಕ ನಿಂತು, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಬೈಯುತ್ತ, ಅದರಿಂದ ಕಡೆಸಿದ ಎರಡು ಬಟ್ಟಲು ಹಾಳುಮಾಡಿಸಿ ಮೂರನೆಯದನ್ನು ಒಪ್ಪಿದ. ಗ್ರೀಸು ಮೆತ್ತಿ ಕೂರಿಸಿದ. ಗೇರು ನೆಟ್ಟಗೆ ನಿಂತಿತು.

"ನಾನೂ ಅದನ್ನೇ ಹೇಳಿದ್ದು," ಅಂದ ಮುಮ್ತಾಜ್.

ಸಂಜೆ ಬಿಳಿ ಗೌನಿನ ನಿರ್ಮೀನ್ ಮನೆಯ ಮೆಟ್ಟಿಲಿಳಿದು ಬಂದಾಗ ಹಾಜಿ ಠೀವಿಯಿಂದ ಸ್ಟೇರಿಂಗ್ ಹಿಡಿದು ಕೂತಿದ್ದ. ಮೂರು ವಾರದಿಂದ ಸಡಿಲ ಗೇರನ್ನು ಮೊಳದುದ್ದ ಎಳೆದೆಳೆದು ಅಭ್ಯಾಸವಾದ ತೋಳು. ಮುಂದೆ ಹೋಗಲೆಂದು ಹಾಕಿದ ಗೇರು ರಿವರ್ಸಿಗೆ ಬಿದ್ದು ಕಾರು ಹಿಂದಕ್ಕೆ ಹಾರಿತು. ಕಾರಿನ ಹಿಂದೆ ನಿಂತಿದ್ದ ಡೋಲಿನವರು ಓಡಿ ಜಗಲಿ ಹತ್ತಿದರು. ಎರಡನೇ ಸಲವೂ ಹಾಗೇ.

"ಅಪ್ಪಾ, ಆ ಕಡೆ ಸರಿ," ಅಂದಳು ನಿರ್ಮೀನ್.

"ಮದುಮಗಳು ಗಾಡಿ ಓಡಿಸ್ತಾಳಾ? ಜನ ಏನಂತಾರೆ?" ಅಂದ ಮುಮ್ತಾಜ್.

"ನಿಮ್ಮ ಕಾರಲ್ಲಿ ಕೂತ್ರೂ ಅಂತಾರೆ ಮಾವ."

ಹಾಜಿ ಸರಿದು ಕೂತ. ಅವಳು ಗೌನನ್ನು ಮಂಡಿಗೆ ಸುತ್ತಿ ಹತ್ತಿದಳು. ಕಾರು ತಂದುಕೊಟ್ಟು ಅಲ್ಲೇ ನಿಂತಿದ್ದ ಶಹಾತಾನಿಗೆ ಮದುವೆಗೆ ಬಾ ಎಂದು ಯಾರೂ ಅನ್ನಲಿಲ್ಲ. ಅವನು ಡೋಲಿನವನ ಕೈ ಹಿಡಿದು ನಿಲ್ಲಿಸಿ ಗೇರು ಬೀಳುವ ಸದ್ದಿಗೆ ಕಿವಿಗೊಟ್ಟ. ಒಂದು. ಎರಡು. ತಿರುವು ದಾಟಿದ ಮೇಲೆ ಮೂರು, ಬೆಣ್ಣೆಯ ಹಾಗೆ. ಆಮೇಲೆ ಕೈ ಬಿಟ್ಟು, "ಈಗ ಬಾರಿಸ್ಕೋ," ಅಂದ.