ಒಂದೊಂದಾಗಿ ಎರಡೂ ಸರಿ

ಪೆಟ್ಟಿಗೆ ಮಾಡುವವಳ ಮಗಳು ಪೆಟ್ಟಿಗೆಗಾಗಿ ಅಂಗಡಿ ಮೆಟ್ಟಿಲು ಹತ್ತುವುದುಂಟೇ? ಆ ಮಾತು ಕೇಳಿದರೇ ತಾಯಿಗೆ ಅವಮಾನ. ಯಂತ್ರಗಳನ್ನು ದೂರದೂರಿಗೆ ಕಳುಹಿಸುವ ಕಾರ್ಖಾನೆಯಲ್ಲಿ ಅವಳು ಮರದ ಪೆಟ್ಟಿಗೆ ಜೋಡಿಸುವವಳು. ಅಲ್ಲಿ ಅವಳ ಹೆಸರು ಯಾರಿಗೂ ನೆನಪಿಲ್ಲ. ಮೇಸ್ತ್ರಿಯಿಂದ ಹಿಡಿದು ಲಾರಿಯವರ ತನಕ ಎಲ್ಲರಿಗೂ ಅವಳು ‘ಪೆಟ್ಟಿಗೆಯಕ್ಕ’. ಅವಳು ಮೊಳೆ ಹೊಡೆದ ಪೆಟ್ಟಿಗೆ ಹಡಗಿನಲ್ಲಿ ಪಲ್ಟಿ ಹೊಡೆದರೂ ಒಳಗಿನ ಯಂತ್ರಕ್ಕೆ ನಿದ್ದೆ ಕೆಡುವುದಿಲ್ಲ ಎಂದು ಮೇಸ್ತ್ರಿಯೇ ಹೇಳಿದ್ದುಂಟು. ಆತ ಯಾರನ್ನೂ ಸುಮ್ಮಸುಮ್ಮನೆ ಹೊಗಳುವ ಪೈಕಿಯಲ್ಲ.

ಮಗಳು ಗೆಳೆಯರ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದಳು. ನಾಲ್ಕೇ ದಪ್ಪ ತಂತಿ. ಅದರ ನಾದ ಕಿವಿಗಿಂತ ಮೊದಲು ಎದೆಗೆ ಕೇಳುತ್ತದೆ. ಅದಕ್ಕೆ ತಕ್ಕ ಸ್ಪೀಕರ್ ಪೆಟ್ಟಿಗೆ ಇದ್ದರೆ ಮಾತ್ರ.

“ಚಿಕ್ಕ ಡಬ್ಬಿಗೆ ಹಾಕಿದ್ರೆ ಸೊಳ್ಳೆ ಗುಂಯ್ ಅಂದ ಹಾಗಾಗತ್ತೆ ಅಮ್ಮಾ.”

“ನಿಮ್ಮಮ್ಮ ಏನು ಬೆಂಕಿಪೊಟ್ಟಣ ಮಾಡ್ತಾಳೇನೇ? ಅಳತೆ ಹೇಳು.”

ಸ್ಪೀಕರುಗಳನ್ನು ತಂದುಕೊಟ್ಟವನು ತಾಯಿಯ ತಮ್ಮ. ಮಿಕ್ಸಿ, ರೇಡಿಯೋ, ಫ್ಯಾನು, ಯಾವುದು ಕೆಟ್ಟರೂ ಬಿಚ್ಚಿಹಾಕಿಕೊಂಡು ಕೂರುವ ಆಸಾಮಿ. ಮುಚ್ಚಿಹೋದ ಸಿನಿಮಾ ಮಂದಿರದ ಸಾಮಾನಿನ ರಾಶಿಯೊಳಗಿಂದ ಊಟದ ತಟ್ಟೆಯಗಲದ ಎರಡು ಸ್ಪೀಕರುಗಳನ್ನು ಅಕ್ಕನ ಮಗಳಿಗೆಂದು ಹುಡುಕಿ ತಂದಿದ್ದ.

“ವೈರು ನಾನೇ ಬಂದು ಹಾಕ್ಕೊಡ್ತೀನಿ ಕಣಕ್ಕ. ಭಾನುವಾರ ಬರ್ಲಾ?”

“ನಿನ್ನ ಭಾನುವಾರ ಬರೋ ಹೊತ್ತಿಗೆ ಇವಳಿಗೆ ಮೊಮ್ಮಕ್ಕಳಾಗಿರ್ತಾರೆ. ಎರಡು ತಂತಿ ತಾನೆ? ನನಗೇನು ಕೈಯಿಲ್ವಾ?”

“ಕೈ ಇದೆ, ತಾಳ್ಮೆ ಇಲ್ಲ. ಕೆಂಪು ಚುಕ್ಕೆ ನೋಡ್ಕೊಂಡು ಹಾಕು. ಎರಡು ಸ್ಪೀಕರಲ್ಲೂ ಕೆಂಪು ವೈರು ಚುಕ್ಕೆ ಕಡೆಗೇ ಬರ್ಬೇಕು.”

“ಆಯ್ತು ಪಂಡಿತರೇ.”

ಮೊದಲನೆಯ ಪೆಟ್ಟಿಗೆ ಕಟ್ಟಿದ ದಿನಗಳು ಆ ಮನೆಯಲ್ಲಿ ಚೆನ್ನಾಗಿದ್ದವು. ಇದ್ದವರು ಇಬ್ಬರೇ, ನಡುಮನೆಯ ಮಂಚವನ್ನು ಗೋಡೆಗೆ ಒರಗಿಸಿ, ನೆಲದ ತುಂಬಾ ಪ್ಲೈವುಡ್ಡು ಹರಡಿಕೊಂಡರು. ಮಗಳು ಅಂಟು ಸವರಿದಳು, ತಾಯಿ ಸ್ಕ್ರೂ ಬಿಗಿದಳು. ಸಂದಿಗಳಿಗೆ ಅಂಟಿನಲ್ಲಿ ಕಲಸಿದ ಮರದ ಹುಡಿ ಮೆತ್ತಿ, ಒಳಗೋಡೆಗೆ ಹಳೆಯ ರಜಾಯಿ ಕತ್ತರಿಸಿ ಹೊದಿಸಿದರು. ಆಮೇಲೆ ಪರೀಕ್ಷೆ. ಮಗಳು ಅತಿ ದಪ್ಪ ತಂತಿಯನ್ನು ಮೀಟಬೇಕು, ತಾಯಿ ಉರಿಯುವ ಮೇಣದ ಬತ್ತಿ ಹಿಡಿದು ಪೆಟ್ಟಿಗೆಯ ಅಂಚಿನುದ್ದಕ್ಕೂ ಹೋಗಬೇಕು. ಜ್ವಾಲೆ ಬಾಗಿದ ಕಡೆ ಗಾಳಿ ಸೋರುತ್ತಿದೆ ಎಂದು ಲೆಕ್ಕ.

“ಮೆಲ್ಲಗೇ, ಬತ್ತಿ ಆರಿಸ್ತೀಯಲ್ಲೇ!”

“ಆರ್ಲಿ ಬಿಡಮ್ಮ, ಸ್ಪೀಕರ್ ಊದಿ ಆರಿಸ್ತು ಅಂತ ಮಾಮಂಗೆ ಹೇಳೋಣ.”

ಜ್ವಾಲೆ ಎಲ್ಲೂ ಬಾಗಲಿಲ್ಲ. ಕಪಾಟಿನ ಲೋಟಗಳು ಮಾತ್ರ ಗಲಗಲ ನಕ್ಕವು.

ಎರಡನೆಯ ಪೆಟ್ಟಿಗೆಯ ಹೊತ್ತಿಗೆ ಕಾರ್ಖಾನೆಯಲ್ಲಿ ಕೆಲಸ ಕತ್ತಿನ ತನಕ ಬಂದಿತ್ತು. ಜೋಡಿ ಪಾಳಿ ಮುಗಿಸಿ ಬಂದ ಒಂದು ಸಂಜೆ, ಸೊಂಟ ಬಿದ್ದುಹೋಗುತ್ತಿರುವಾಗ, ತಾಯಿ ಎರಡನೆಯ ಸ್ಪೀಕರನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ನೋಡಿದಳು. ಕೆಂಪು ಚುಕ್ಕೆ ಅಳಿಸಿಹೋಗಿತ್ತು. ತಂತಿ ಸಿಕ್ಕಿಸುವ ಎರಡು ಕಿವಿಗಳೂ ಒಂದೇ ಬಣ್ಣ, ತುಕ್ಕಿನ ಬಣ್ಣ. ಫೋನು ಪಕ್ಕದಲ್ಲೇ ಇತ್ತು. ತಮ್ಮನಿಗೆ ಮಾಡಿದರೆ ‘ನಾನು ಹೇಳ್ಲಿಲ್ವಾ’ ಎಂಬಲ್ಲಿಂದ ಪುರಾಣ ಶುರುವಾಗುತ್ತದೆ. ಬಲ್ಬಿಗೆ ತಂತಿ ಯಾವ ಕಡೆಯಿಂದ ಕೊಟ್ಟರೂ ಉರಿಯುತ್ತದೆ. ಇದೂ ಹಾಗೇ ಇದ್ದೀತು. ಕೈಗೆ ಸಿಕ್ಕ ಕಡೆಗೆ ಕೆಂಪು ವೈರು ಸಿಕ್ಕಿಸಿ, ಸ್ಕ್ರೂ ಬಿಗಿದಳು.

ಕಾರ್ಖಾನೆಯಲ್ಲಿ ಪೆಟ್ಟಿಗೆಗಳ ಪರೀಕ್ಷೆ ಒಂದೊಂದಾಗಿಯೇ ನಡೆಯುವುದು. ಒಂದನ್ನು ಎತ್ತಿ ಬೀಳಿಸಿ, ಕಿವಿಗೊಟ್ಟು, ಸರಿ ಎಂದು ಮುದ್ರೆ ಒತ್ತಿ ಬದಿಗೆ ತಳ್ಳಿ ಇನ್ನೊಂದನ್ನು ಎಳೆದುಕೊಳ್ಳುವುದು. ಕೈಗೆ ಅದೇ ರೂಢಿ. ಎರಡನೆಯದನ್ನೂ ಒಂಟಿಯಾಗಿ ನುಡಿಸಿ ನೋಡಿದರು. ಗುಮ್ಮೆಂದಿತು. ಬತ್ತಿ ಬಾಗಲಿಲ್ಲ.

“ಎರಡೂ ಸರಿ,” ಎಂದು ಅವಳು ಪೆಟ್ಟಿಗೆಯ ಬೆನ್ನು ತಟ್ಟಿದಳು. ಮನೆಯಲ್ಲಿ ಅಭ್ಯಾಸಕ್ಕೆ ಒಂದೇ ಸಾಕಿತ್ತು, ಇನ್ನೊಂದು ಬಾಗಿಲ ಹಿಂದೆ ನಿಂತಿತು. ಎರಡನ್ನೂ ಒಟ್ಟಿಗೆ ನುಡಿಸಿ ನೋಡಬೇಕೆಂದು ಯಾರಿಗೂ ತೋಚಲಿಲ್ಲ.

ಮೊದಲ ಸಲ ಒಟ್ಟಿಗೆ ನುಡಿದದ್ದು ಜನರೆದುರಿಗೆ. ಒಂದರ ಮೇಲೊಂದು ಪೇರಿಸಿದ ಎರಡು ಪೆಟ್ಟಿಗೆ, ಎದುರಿಗೆ ತುಂಬಿದ ಸಭಾಂಗಣ, ಮಗಳ ಕೈಯಲ್ಲಿ ಗಿಟಾರು. ತಂತಿಗೆ ಬೆರಳು ತಾಗುವ ಟಕಟಕ ಕೇಳಿತು. ಹೊಟ್ಟೆಗಿಳಿಯಬೇಕಾದ ನಾದ ಮಾತ್ರ ಇಲ್ಲ. ಡ್ರಮ್ಮಿನ ಹುಡುಗ ತಿರುತಿರುಗಿ ನೋಡಿದ. ಎರಡನೆಯ ಕಾರ್ಯಕ್ರಮದಲ್ಲೂ ಅದೇ ಕಥೆ. ಆಮೇಲೆ ಅವನು ಮನೆಗೇ ಬಂದು, ಬಾಗಿಲಲ್ಲೇ ನಿಂತು ಮುಖ ಹಿಂಡಿಕೊಂಡು ಕೇಳಿದ:

“ಆಂಟಿ, ಪೆಟ್ಟಿಗೆ ಏನಾದ್ರೂ…?”

ಅವನ ಮಾತು ಮುಗಿಯುವ ಮೊದಲೇ ಅವಳಿಗೆ ಉರಿದುಹೋಯಿತು. ಊರಿಡೀ ಒಪ್ಪಿದ ಕೈ ಅದು.

“ಒಂದೊಂದನ್ನೂ ನಾನೇ ನೋಡಿದ್ದೀನಪ್ಪ. ಪೆಟ್ಟಿಗೆ ಗುಂಡುಕಲ್ಲಿನ ಹಾಗಿದೆ. ಇಲ್ಲಿ ನುಡಿಸಿದ್ರೆ ಕೆಳಗಿನ ಮನೆಯವರು ಕದ ತಟ್ತಾರೆ. ಇವಳೇ ಹಾಗೆ, ಮನೇಲಿ ಹುಲಿ, ಬೀದೀಲಿ ಇಲಿ. ಜನ ಕಂಡ್ರೆ ಬೆರಳು ನಡುಗತ್ತೆ.”

ಮಗಳು ಒಳಗೇ ಇದ್ದಳು. ಕೇಳಿಸಿಕೊಂಡಳು.

ನಂಬಿದಳು ಎಂಬುದೇ ದೊಡ್ಡ ಅನ್ಯಾಯ. ಪೆಟ್ಟಿಗೆಯ ವಿಷಯದಲ್ಲಿ ಅಮ್ಮ ಸುಳ್ಳಾಡುವುದಿಲ್ಲ; ಹಾಗಾದರೆ ತಪ್ಪು ಬೆರಳಿನದೇ. ಅಂದಿನಿಂದ ಅವಳು ತಂತಿಯನ್ನು ಮೀಟುವುದು ಬಿಟ್ಟು ಬಡಿಯತೊಡಗಿದಳು. ಬೆರಳ ತುದಿಯಲ್ಲಿ ಬೊಬ್ಬೆ ಎದ್ದು, ಒಡೆದು, ಅದರ ಮೇಲೆ ಇನ್ನೊಂದು ಎದ್ದಿತು. ಪಟ್ಟಿ ಸುತ್ತಿಕೊಂಡು ಬಡಿದಳು. ತಾಯಿ ಅದನ್ನು ನೋಡಿಯೂ “ಹಾಗೆ! ಕೈಗೆ ಧೈರ್ಯ ಬರ್ಬೇಕು” ಎಂದಳು. ಮೂರನೆಯ ಕಾರ್ಯಕ್ರಮದಲ್ಲಿ ಟಕಟಕ ಇನ್ನೂ ಜೋರಾಯಿತು, ಅಷ್ಟೇ.

ತಂಡಕ್ಕೆ ಬೇರೊಬ್ಬ ಬಂದ. ಎಲ್ಲರೂ ಅವನನ್ನು ‘ಉದ್ದಬೆರಳು’ ಎನ್ನುತ್ತಿದ್ದರು. ಮಗಳು ಅಳಲಿಲ್ಲ, ಕೂಗಾಡಲಿಲ್ಲ. ಗಿಟಾರನ್ನು ಚೀಲಕ್ಕೆ ಹಾಕಿ ಮಂಚದಡಿ ತಳ್ಳಿದಳು. ಎರಡು ಪೆಟ್ಟಿಗೆಗಳನ್ನು ಜೋಡಿಸಿ ಮೇಲೊಂದು ಬೆಡ್‌ಶೀಟು ಹಾಸಿ ಇಸ್ತ್ರಿ ಮೇಜು ಮಾಡಿದಳು. “ಒಳ್ಳೇ ಎತ್ತರ ಇದೆಯಮ್ಮ, ಬೆನ್ನು ನೋಯಲ್ಲ,” ಎಂದಳು. ಅದು ಕುಹಕವಲ್ಲ, ಕುಹಕವಾಗಿದ್ದರೆ ತಾಯಿಗೆ ಸಮಾಧಾನವಾಗುತ್ತಿತ್ತು.

ಡ್ರಮ್ಮಿನ ಹುಡುಗ ಮತ್ತೊಂದು ದಿನ ಬಂದು, ನಾಚುತ್ತ, ಉದ್ದಬೆರಳಿಗೆಂದು ಪೆಟ್ಟಿಗೆ ಕೇಳಿದ. ಕಾರಿನಲ್ಲಿ ಒಂದಕ್ಕೇ ಜಾಗ.

“ತಗೊಂಡು ಹೋಗೋ, ಇಸ್ತ್ರಿ ಮಾಡಕ್ಕೆ ಇನ್ನೊಂದಿದೆ,” ಎಂದಳು ಮಗಳು. ಅಷ್ಟೇ ಅಲ್ಲ, ಆ ಕಾರ್ಯಕ್ರಮ ನೋಡಲು ತಾಯಿಯನ್ನೂ ಹೊರಡಿಸಿದಳು. “ನಿನ್ನ ಪೆಟ್ಟಿಗೆ ಅಲ್ವಾ, ಬಾ.”

ಉದ್ದಬೆರಳು ಮೊದಲ ತಂತಿ ಮುಟ್ಟಿದ್ದೇ ತಡ, ಕುರ್ಚಿಯ ಕಾಲುಗಳು ಗುಮ್ಮೆಂದವು. ನಾದ ನೆಲದಿಂದ ಅಂಗಾಲಿಗೆ, ಅಂಗಾಲಿನಿಂದ ಬೆನ್ನಿಗೆ ಏರಿತು. ಅದೇ ಸಭಾಂಗಣ. ಅದೇ ಪೆಟ್ಟಿಗೆ. ಮಗಳು ತಾಯಿಯ ಕಿವಿಯ ಹತ್ತಿರ ಬಾಗಿದಳು.

“ನೀನು ಹೇಳಿದ್ದೇ ಸರಿಯಮ್ಮ. ಪೆಟ್ಟಿಗೇದು ಏನೂ ಇರ್ಲಿಲ್ಲ.”

ತಾಯಿಯ ಕಣ್ಣು ವೇದಿಕೆಯ ಮೇಲೇ ನೆಟ್ಟಿತ್ತು. ಉದ್ದಬೆರಳು ಬಡಿಯುತ್ತಿರಲಿಲ್ಲ; ಬೆಕ್ಕಿನ ಮರಿ ಸವರಿದ ಹಾಗೆ ಸವರುತ್ತಿದ್ದ. ವೇದಿಕೆಯ ಮೇಲೆ ಇದ್ದದ್ದು ಒಂದೇ ಪೆಟ್ಟಿಗೆ. ಒಂದಕ್ಕೇ ಇಷ್ಟು ಬಂದರೆ ಎರಡಕ್ಕೆ ಎಷ್ಟು ಬರಬೇಕಿತ್ತು? ಎರಡಿದ್ದಾಗ ಯಾಕೆ ಬರಲಿಲ್ಲ? ಜನ ಚಪ್ಪಾಳೆ ತಟ್ಟುತ್ತಿದ್ದಾಗ ಅವಳಿಗೆ ಆ ಸಂಜೆಯ ತುಕ್ಕಿನ ಬಣ್ಣ ಕಣ್ಣಿಗೆ ಕಟ್ಟಿತು.

ಮರುದಿನ ಭಾನುವಾರ. ಡ್ರಮ್ಮಿನ ಹುಡುಗ ಬೆಳಿಗ್ಗೆಯೇ ಪೆಟ್ಟಿಗೆ ಹಿಂದಿರುಗಿಸಿ ಹೋದ. ಮಗಳು ಬಕೆಟ್ ತುಂಬ ಒಗೆದ ಬಟ್ಟೆ ಹೊತ್ತು ತಾರಸಿಗೆ ಹೋದದ್ದನ್ನು ನೋಡಿಕೊಂಡು, ತಾಯಿ ಕಳ್ಳಿಯ ಹಾಗೆ ತಮ್ಮನಿಗೆ ಫೋನು ಮಾಡಿದಳು.

“ಒಂದು ಪೆಟ್ಟಿಗೆ ಇದ್ರೆ ಗುಮ್ಮನ್ನತ್ತೆ, ಎರಡಿಟ್ರೆ ಟಕಟಕ. ಯಾಕೋ?”

ಅತ್ತ ಕಡೆಯಿಂದ ನಗು. “ಒಂದು ತಳ್ತಾ ಇದೆ, ಇನ್ನೊಂದು ಎಳೀತಾ ಇದೆ ಕಣಕ್ಕ. ಇದು ಊದಿದ ಗಾಳೀನ ಅದು ನುಂಗತ್ತೆ. ಗೋಡೆ ಗಡಿಯಾರದ ಸೆಲ್ ತೆಗೆದು ವೈರಿಗೆ ಮುಟ್ಸಿ ನೋಡು, ಎರಡೂ ಸ್ಪೀಕರ್ ಒಂದೇ ಕಡೆ ಹಾರ್ಬೇಕು.” ಸ್ವಲ್ಪ ತಡೆದು, “ಅಕ್ಕಾ, ಚುಕ್ಕೆ ನೋಡೇ ಹಾಕಿದ್ದೆ ತಾನೆ?”

ಅವಳು ಫೋನು ಇಟ್ಟಳು.

ಗಡಿಯಾರ ನಿಂತಿತು. ಎರಡು ಪೆಟ್ಟಿಗೆಗಳ ಬೆನ್ನಿನಿಂದಲೂ ತಂತಿ ಹೊರಗೆಳೆದು, ಮೊದಲನೆಯದಕ್ಕೆ ಸೆಲ್ ಮುಟ್ಟಿಸಿದಳು. ಠಪ್. ಸ್ಪೀಕರಿನ ಕಪ್ಪು ಕಾಗದದ ಹೊಟ್ಟೆ ಹೊರಕ್ಕೆ ಉಬ್ಬಿತು. ಎರಡನೆಯದಕ್ಕೆ ಮುಟ್ಟಿಸಿದಳು. ಠಪ್. ಒಳಕ್ಕೆ ಸರಿಯಿತು. ಮತ್ತೆ ಮುಟ್ಟಿಸಿದಳು. ಮತ್ತೆ ಒಳಕ್ಕೆ.

ಎರಡನೆಯದರ ಸ್ಕ್ರೂ ಬಿಚ್ಚಿ ತಂತಿ ಅದಲುಬದಲು ಮಾಡುವುದಕ್ಕೆ ಎಷ್ಟು ಹೊತ್ತು? ಪಕ್ಕದ ಮನೆಯ ಕುಕ್ಕರಿನ ಕೂಗು ನಿಲ್ಲುವಷ್ಟರಲ್ಲಿ ಮುಗಿಯಿತು. ಈಗ ಎರಡೂ ಹೊರಕ್ಕೆ ಉಬ್ಬುತ್ತಿದ್ದವು. ನಾಲಗೆಯ ತುದಿಯಲ್ಲಿ ಒಂದು ಮಾತೂ ತಯಾರಾಗಿ ಕೂತಿತು: ‘ಎರಡೂ ಇಟ್ಟು ಒಂದ್ಸಲ ನುಡಿಸೇ. ನೋಡಿದ್ಯಾ? ಬಡಿದು ಬಡಿದು ಕೊನೆಗೂ ಬೆರಳು ಪಳಗ್ತು!’ ಮಗಳು ನಗುತ್ತಾಳೆ. ಪೆಟ್ಟಿಗೆಯಕ್ಕನ ಹೆಸರೂ ಉಳಿಯುತ್ತದೆ. ಹಾವೂ ಸಾಯದ, ಕೋಲೂ ಮುರಿಯದ ಉಪಾಯ.

ಆದರೆ ಹಾಗೆ ಹೇಳಿದರೆ, ಮೊದಲು ತನ್ನ ಬೆರಳು ಕೆಟ್ಟದ್ದೇ ಆಗಿತ್ತು ಎಂದು ಆ ಹುಡುಗಿ ಬದುಕಿಡೀ ನಂಬಿಕೊಂಡಿರುತ್ತಾಳೆ.

ಮೆಟ್ಟಿಲ ಮೇಲೆ ಖಾಲಿ ಬಕೆಟ್ಟಿನ ಸದ್ದಾಯಿತು. ತಾಯಿ ಅವಸರ ಅವಸರವಾಗಿ ತಂತಿಯನ್ನು ಮತ್ತೆ ಬಿಚ್ಚಿ, ಮೊದಲಿದ್ದ ತಪ್ಪು ಕಡೆಗೇ ಸಿಕ್ಕಿಸಿದಳು.

“ಇಲ್ಲಿ ಕೂತ್ಕೋ ಮಗಾ. ಈ ಸೆಲ್ ಹಿಡಿ. ಇದಕ್ಕೆ ಮುಟ್ಸು. ಈಗ ಅದಕ್ಕೆ.”

ಮಗಳು ಮುಟ್ಟಿಸಿದಳು. ಒಂದು ಹೊರಕ್ಕೆ, ಒಂದು ಒಳಕ್ಕೆ. ಮೊದಲು ಆಟವೆಂಬಂತೆ ನೋಡಿದಳು. ಮತ್ತೆ ಮುಟ್ಟಿಸಿದಳು. ಆಮೇಲೆ ಸೆಲ್ಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

“ಒಂದು ಇನ್ನೊಂದನ್ನ ನುಂಗ್ತಾ ಇತ್ತು,” ಎಂದಳು ತಾಯಿ. “ಚುಕ್ಕೆ ಅಳಿಸಿಹೋಗಿತ್ತು. ಮಾಮನ್ನ ಕೇಳ್ದೆ ನಾನೇ ಹಾಕ್ದೆ.”

“ನನ್ನ ಇಲಿ ಅಂದಾಗ ನಿನಗೆ ಗೊತ್ತಿತ್ತಾ?”

ತಾಯಿಗೆ ‘ಇಲ್ಲ’ ಎಂಬ ಪದ ಸುಲಭವಾಗಿ ಸಿಕ್ಕಿತು. ಅದು ನಿಜವೂ ಆಗಿತ್ತು. ಆದರೆ ಅದೊಂದೇ ಸಾಲದು.

“ಗೊತ್ತಿರ್ಲಿಲ್ಲ. ನೋಡೋಕೂ ಹೋಗ್ಲಿಲ್ಲ. ಪೆಟ್ಟಿಗೆ ಬಿಚ್ಚೋದಕ್ಕಿಂತ ನಿನ್ನ ಬೈಯೋದು ಸುಲಭ ಆಗಿತ್ತು.”

ಮಗಳು ತಲೆಯೆತ್ತದೆ ಕೈಚಾಚಿದಳು. “ಸ್ಕ್ರೂಡ್ರೈವರ್ ಕೊಡು.”

“ನಾನೇ ಹಾಕ್…”

“ಕೊಡಮ್ಮ.”

ಕೊಟ್ಟಳು. ಮಗಳೇ ತಂತಿ ಬದಲಿಸಿದಳು, ಮಗಳೇ ಸ್ಕ್ರೂ ಬಿಗಿದಳು, ಮಗಳೇ ಸೆಲ್ ಮುಟ್ಟಿಸಿ ಎರಡು ಸಲ ನೋಡಿದಳು. ಬೆಡ್‌ಶೀಟು ಮಡಿಸಿಟ್ಟು, ಮಂಚದಡಿಯಿಂದ ಗಿಟಾರು ಎಳೆದಳು.

“ಡ್ರಮ್ಮಿನವನಿಗೆ ನೀನೇ ಹೇಳ್ಬೇಕು.”

“ಹೇಳ್ತೀನಿ. ಪೆಟ್ಟಿಗೆಯಕ್ಕ ಕೆಟ್ಟ ಪೆಟ್ಟಿಗೆಗೆ ಮುದ್ರೆ ಒತ್ತಿ ಕಳಿಸಿದ್ಲು ಅಂತಾನೇ ಹೇಳ್ತೀನಿ. ನಿನ್ನ ಜಾಗ ವಾಪಸ್ ಕೊಡ್ತಾನೋ ಇಲ್ವೋ…”

“ಅದು ಆಮೇಲೆ.”

ಮೊದಲ ತಂತಿಗೇ ಮನೆ ಮೈಕೊಡವಿತು. ಲೋಟ, ಮುಚ್ಚಳ, ಕಿಟಕಿಯ ಗಾಜು ಎಲ್ಲವೂ ಗದಗದ. ಮಗಳು ಬೆಚ್ಚಿ ಕೈ ತೆಗೆದಳು. ಮತ್ತೆ ಪ್ರಯತ್ನಿಸಿದಳು, ಮತ್ತೆ ಅದೇ ಏಟು. ದಡ್ಡುಗಟ್ಟಿದ ಬೆರಳುಗಳನ್ನು ಯಾರದೋ ಎಂಬಂತೆ ನೋಡಿಕೊಂಡಳು.

“ಕೈ ಹೊಡೀತಾನೇ ಇದೆಯಮ್ಮ. ಮೆಲ್ಲಗೆ ಬರ್ತಾನೇ ಇಲ್ಲ.”

ಇದಕ್ಕೆ ತಾಯಿಯ ಬಳಿ ಅಂಟಿರಲಿಲ್ಲ, ಸ್ಕ್ರೂ ಇರಲಿಲ್ಲ. ಎದ್ದುಹೋಗಿ ಗದಗುಡುವ ಕಿಟಕಿಯ ಗಾಜಿಗೆ ಎರಡೂ ಅಂಗೈ ಒತ್ತಿ ನಿಂತಳು. ಗಾಜು ಸುಮ್ಮನಾಯಿತು. ಅವಳ ಬೆನ್ನ ಹಿಂದೆ ಮಗಳು ಅದೇ ತಂತಿಯನ್ನು ಮತ್ತೆ ಮೀಟಿದಳು. ಜೋರಾಯಿತು. ಮತ್ತೆ ಮೀಟಿದಳು. ಇನ್ನೂ ಜೋರೇ, ಆದರೆ ಕೂದಲೆಳೆಯಷ್ಟು ಕಡಿಮೆ.

“ಕೈ ತೆಗೀಬೇಡ,” ಎಂದಳು ಮಗಳು. “ಗಾಜಿನ ಸದ್ದಿಗೆ ನನ್ನದು ನನಗೆ ಕೇಳಲ್ಲ.”

“ಇಲ್ಲ ಮಗಾ, ತೆಗೆಯಲ್ಲ,” ಎಂದಳು ತಾಯಿ.