ನಾಲ್ಕನೆಯವಳು

"ಬಗ್ಗೋಕೆ ಸೊಂಟ ಇಲ್ವೇನೆ ಕತ್ತೆ? ಸತ್ತಿದ್ದು ಒಬ್ಬಳು. ಉಳಿದೋರು ಬದುಕಿದ್ದೀರಲ್ಲ, ಕೈ ಆಡ್ಸಿ."

ಹೊಲದ ಮಾಲೀಕ ಮೊರಿತಾ ಬದುವಿನ ಮೇಲೆ ನಿಂತು ತನ್ನ ಜಪಾನಿ ಭಾಷೆಯಲ್ಲಿ ಕೂಗುತ್ತಿದ್ದ. ಮಾಸ್ಕು ಗದ್ದದ ಕೆಳಗೆ ಇಳಿದಿತ್ತು. ಪದ್ಮಾ ತಲೆಯೆತ್ತಲಿಲ್ಲ. ಎಡಗೈಯಲ್ಲಿ ಎಲೆಕೋಸನ್ನು ಓರೆ ಮಾಡಿ, ಬುಡಕ್ಕೆ ಚಾಕು ಕೊಟ್ಟು, ಹೊರಗಿನ ಎಲೆ ಕಿತ್ತು ಪೆಟ್ಟಿಗೆಗೆ ಹಾಕಿದಳು. ಮತ್ತೊಂದು. ಮತ್ತೊಂದು. ತನ್ನ ಸಾಲು ಮುಗಿದರೆ ಪಕ್ಕದಲ್ಲಿ ತಾರಾಳ ಸಾಲು ಹಾಗೆಯೇ ಬಿದ್ದಿತ್ತು. ಅದನ್ನೂ ಈಗ ಇವಳೇ ಕುಯ್ಯಬೇಕಿತ್ತು.

ಪದ್ಮಾ, ತಾರಾ, ಶಿವಕುಮಾರ, ಮೂವರೂ ಮಳವಳ್ಳಿ ಕಡೆಯವರು. ಜಪಾನಿನ ಬೇಸಾಯ ಕಲಿಸುತ್ತೇವೆಂದು ವೀಸಾ ಕೊಡಿಸಿ, ನಗೋಯಾದಿಂದ ಅರ್ಧ ದಿನದ ದಾರಿಯ ಈ ಬೆಟ್ಟದೂರಿಗೆ ಕಳಿಸಿದ್ದರು. ಇಲ್ಲಿ ಕಲಿತದ್ದು ಬಗ್ಗಿ ಕೋಸು ಕುಯ್ಯುವುದನ್ನು. ಬಗ್ಗುವುದನ್ನು ಊರಲ್ಲೇ ಕಲಿತಿದ್ದರು. ಮರುವರ್ಷವೇ ಕೊರೊನಾ ಬಂದು ವಿಮಾನಗಳು ನಿಂತವು.

ಹಿಂದಿನ ವಾರ ಸೆಗಾವಾ ಎಂಬ ಊರಿನವನೊಬ್ಬ ಬೇಟೆಯ ಬಂದೂಕು ಹಿಡಿದು ತರಕಾರಿ ತೂಗುವ ಶೆಡ್ಡಿಗೆ ಬಂದಿದ್ದ. ಅಲ್ಲಿದ್ದವರಲ್ಲಿ ನಾಲ್ವರನ್ನು ಕೊಂದು, ಕಾಡಿಗೆ ಹೋಗಿ ತನಗೂ ಹೊಡೆದುಕೊಂಡ. ಮೂವರು ಊರಿನವರು. ನಾಲ್ಕನೆಯವಳು ತಾರಾ; ಪೆಟ್ಟಿಗೆ ಇಳಿಸಲು ಹೋಗಿದ್ದಳು. ಹೆಣ ಕಳಿಸಲು ದಾರಿಯಿರಲಿಲ್ಲ. ಇಲ್ಲೇ ಸುಟ್ಟರು. ಅವಳ ಅವ್ವ ಮಳವಳ್ಳಿಯಲ್ಲಿ ಕೂತು ಮೊಬೈಲಿನಲ್ಲಿ ನೋಡಿದಳು. ಮಧ್ಯದಲ್ಲಿ ನೆಟ್‌ವರ್ಕ್ ಹೋಯಿತು.

"ಅಕ್ಕ, ಬೂದಿ ಪೆಟ್ಗೆ ಎಲ್ ಮಡ್ಗವ್ರೆ ಗೊತ್ತಾ?" ಶಿವಕುಮಾರ ಗಾಡಿ ತಳ್ಳಿಕೊಂಡು ಬಂದು ಮೆಲ್ಲಗೆ ಕೇಳಿದ.

"ಎಲ್ಲಿ?"

"ಗೊಬ್ರದ್ ಕೊಟ್ಗೇಲಿ. ಯೂರಿಯಾ ಮೂಟೆ ಪಕ್ಕ."

ಪದ್ಮಾಳ ಚಾಕು ಒಂದು ಗಳಿಗೆ ನಿಂತಿತು. ಬದುವಿನಿಂದ ಮತ್ತೆ ಕೂಗು ಬಂತು. ಚಾಕು ನಡೆಯಿತು.

*

ಭಾನುವಾರ ಮೊರಿತಾನ ಮನೆಯಲ್ಲಿ ಬೇಟೆಗಾರರ ಸಂಘ ಸೇರಿತು. ಹೊಲಕ್ಕೆ ನುಗ್ಗುವ ಹಂದಿ, ಜಿಂಕೆಗಳನ್ನು ಹೊಡೆಯಲು ಸರ್ಕಾರದಿಂದ ಪರವಾನಗಿ ಪಡೆದ ಮುದುಕರು. ಮೊರಿತಾ ಅಧ್ಯಕ್ಷ. ಸೆಗಾವಾನೂ ಇದೇ ಸಂಘದವನು. ಚಹಾ ಕೊಡಲು ಪದ್ಮಾಳನ್ನು ಕರೆಸಿದ್ದರು. ಅವಳು ಮಂಡಿಯೂರಿ ಬಟ್ಟಲು ಇಡುತ್ತ ಹೋದಳು. ಅವಳಿಗೆ ಭಾಷೆ ಬರುವುದಿಲ್ಲವೆಂದು ಎಲ್ಲರೂ ಬಗೆದಿದ್ದರು. ಎರಡು ವರ್ಷ ಬೈಸಿಕೊಂಡವಳಿಗೆ ಭಾಷೆ ಬಾರದೆ ಇರುತ್ತದೆಯೇ.

"ಬಂದೂಕೆಲ್ಲ ತಪಾಸಣೆಗೆ ತನ್ನಿ ಅಂದಿದ್ದಾರೆ ಪೊಲೀಸರು," ಒಬ್ಬ ಹೇಳಿದ. "ನನ್ನ ತಂದೆಯ ಕಾಲದ ಬಂದೂಕು. ಒಬ್ಬ ಹುಚ್ಚನಿಂದ ನಮ್ಮೆಲ್ಲರಿಗೂ ಕಳ್ಳರ ಪಟ್ಟ."

"ಬಂದೂಕು ಕೊಡೋಣ. ಹಂದಿಗಳನ್ನ ಪೊಲೀಸರೇ ಕಾಯಲಿ," ಇನ್ನೊಬ್ಬ ನಕ್ಕ.

"ಟೀವಿಯವರು ಬಂದರೆ ಎಲ್ಲರೂ ಒಂದೇ ಮಾತು ಹೇಳಬೇಕು," ಮೊರಿತಾ ಅಂದ. "ಸೆಗಾವಾ ಮೆತ್ತಗಿನ ಮನುಷ್ಯ. ಯಾರಿಗೂ ಯಾವ ಸುಳಿವೂ ಇರಲಿಲ್ಲ."

ಮೂಲೆಯಲ್ಲಿ ಓನೋ ಎಂಬ ಮುದುಕ ಕೂತಿದ್ದ. ಸಂಘದಲ್ಲಿ ಅವನೇ ಹಿರಿಯ. ಬಟ್ಟಲನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡೇ ಹೇಳಿದ: "ವಸಂತದಲ್ಲಿ ಅವನ ನಾಯಿಯನ್ನ ಅವನೇ ಕಟ್ಟಿಹಾಕಿ ಗುಂಡು ಹೊಡೆದು ಕೊಂದ. ನಾವಿಬ್ಬರೂ ಅಲ್ಲೇ ಇದ್ದೆವು, ಮೊರಿತಾ."

ಯಾರೂ ಚಹಾ ಹೀರಲಿಲ್ಲ.

"ನಾಯಿಗೆ ವಯಸ್ಸಾಗಿತ್ತು," ಮೊರಿತಾ ಹೇಳಿದ.

"ಮೂರು ವರ್ಷದ ನಾಯಿ."

"ಆಗಲೇ ಪೊಲೀಸರಿಗೆ ಹೇಳಬಹುದಿತ್ತಲ್ಲ ನೀನು? ಯಾಕೆ ಹೇಳಲಿಲ್ಲ?"

ಒಬ್ಬನ ಪರವಾನಗಿ ಹೋದರೆ ಎಲ್ಲರ ಬಂದೂಕಿನ ಬೀರುವನ್ನೂ ತೆಗೆಸುತ್ತಾರೆ ಎಂಬುದು ಆ ಕೋಣೆಯಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಓನೋ ಬಟ್ಟಲನ್ನು ಕೆಳಗಿಟ್ಟ. ಮಾತು ಹಂದಿಗಳ ಕಡೆ ಹೊರಳಿತು.

ಪದ್ಮಾ ಖಾಲಿ ತಟ್ಟೆ ಹಿಡಿದು ಅಡಿಗೆಮನೆಗೆ ಬಂದಳು. ನಲ್ಲಿ ಬಿಟ್ಟು ತಟ್ಟೆ ತೊಳೆಯತೊಡಗಿದಳು.

ಸೆಗಾವಾನ ವಿಷಯ ಅವಳಿಗೂ ಗೊತ್ತಿತ್ತು. ಬೇಸಿಗೆಯಲ್ಲಿ ಅವಳೂ ತಾರಾಳೂ ಸೈಕಲ್ಲಿನಲ್ಲಿ ಹೊಲಕ್ಕೆ ಹೋಗುವಾಗ ಸೆಗಾವಾ ತನ್ನ ಅಂಗಳದಲ್ಲಿ ನಿಂತು ಬಂದೂಕು ಎತ್ತಿ ಅವರ ಕಡೆ ಗುರಿ ಹಿಡಿಯುತ್ತಿದ್ದ. "ಕೊರೊನಾ" ಎಂದು ಕೂಗಿ, ಬಾಯಲ್ಲೇ ಗುಂಡಿನ ಸದ್ದು ಮಾಡುತ್ತಿದ್ದ. ಮೊದಲ ಸಲ ತಾರಾ ಸೈಕಲ್ ಸಮೇತ ಕಾಲುವೆಗೆ ಬಿದ್ದಳು. ಆಮೇಲೊಂದು ದಿನ ಒಣಹಾಕಿದ್ದ ಅವಳ ಕೆಂಪು ವೇಲಿನ ತುಂಬ ಬಂದೂಕಿನ ಚರೆಯ ತೂತುಗಳು. ವೇಲು ಹಿಡಿದುಕೊಂಡು ಮೂವರೂ ಮೊರಿತಾನ ಮುಂದೆ ನಿಂತಿದ್ದರು.

ಅವತ್ತು ಭಾಷಾಂತರಕ್ಕೆ ಬಂದವನು ಚಂದ್ರಕಾಂತ. ನಗೋಯಾದ ಕಂಪನಿಯೊಂದರಲ್ಲಿ ಇಂಜಿನಿಯರು, ಬೆಂಗಳೂರಿನವನು. ಕೂಲಿಯವರನ್ನು ಕರೆಸಿದ ಏಜೆನ್ಸಿಗೆ ರಜಾದಿನ ಮಾತು ದಾಟಿಸುವ ಕೆಲಸ ಮಾಡುತ್ತಿದ್ದ. ಪದ್ಮಾ ಹೇಳಿದ್ದನ್ನೆಲ್ಲ ತಲೆಯಾಡಿಸಿ ಕೇಳಿ, ಮೊರಿತಾನ ಕಡೆ ತಿರುಗಿ ಬಗ್ಗಿ ಬಗ್ಗಿ ಏನೋ ಹೇಳಿದ. ಬಂದೂಕಿಗೆ ಈ ಊರಲ್ಲಿ ತೆಪ್ಪೋ ಎನ್ನುತ್ತಾರೆ. ಅವನ ಮಾತು ಮುಗಿದರೂ ಆ ಪದ ಬರಲಿಲ್ಲ. ಮೊರಿತಾ ವೇಲನ್ನು ಬೆಳಕಿಗೆ ಹಿಡಿದು ನಕ್ಕ. ಅವನ ಉತ್ತರ ಕೆಂಪು ಬಟ್ಟೆ ಹೊರಗೆ ಒಣಗಿಸಬೇಡಿ ಎಂದಷ್ಟೇ ಕನ್ನಡಕ್ಕೆ ಬಂತು.

*

ಮಾರನೆಯ ವಾರ ಚಂದ್ರಕಾಂತ ಮತ್ತೆ ಬಂದ. ಕೂಲಿಯವರ ಕೋಣೆಯ ಬಾಗಿಲಲ್ಲೇ ನಿಂತ. ಕೈಗೆ ಸ್ಯಾನಿಟೈಸರ್ ಹಾಕಿಕೊಂಡ.

"ಒಳಕ್ ಬನ್ನಿ ಸಾರ್. ಕಾಪಿ ಮಾಡ್ತಿನಿ," ಪದ್ಮಾ ಕರೆದಳು.

"ಪರ್ವಾಗಿಲ್ಲಮ್ಮ. ಕೋವಿಡ್ ಟೈಮ್ ಅಲ್ವಾ."

"ಕೊರೊನಾ ಬರೋಕ್ ಮುಂಚೇನೂ ನೀವು ನಮ್ತಾವ ಕುಡೀತಿರ್ಲಿಲ್ಲ."

ಅವನು ಅದನ್ನು ಕೇಳಿಸಿಕೊಳ್ಳಲಿಲ್ಲ. ಊರಿನ ಹಳೆಯ ಶಾಲೆಯಲ್ಲಿ ಶನಿವಾರ ಸತ್ತವರ ನೆನಪಿಗೆ ಸಭೆಯಿದೆ, ಟೀವಿಯವರು ಬರುತ್ತಾರೆ, ನೀವಿಬ್ಬರೂ ರೂಮಿನಲ್ಲೇ ಇರಿ ಎಂದ.

"ತಾರಾ ಪೋಟ ಮಡಗ್ತಾರಾ?"

"ನೋಡಮ್ಮ, ಅದು ವಿಲೇಜ್‌ನವರ ಪ್ರೋಗ್ರಾಮ್. ಫ್ಯಾಮಿಲಿಯವರು ಕೂತ್ಕೊಳ್ಬೇಕು. ತಾರಾಗೆ ಇಲ್ಲಿ ಫ್ಯಾಮಿಲಿ ಇಲ್ವಲ್ಲ."

"ಬೂದಿನಾರ ದೇವಸ್ಥಾನದಲ್ ಇಡ್ಸಿ ಸಾರ್. ಗೊಬ್ರದ್ ಕೊಟ್ಗೇಲಿ ಅದೆ."

"ಕೇಳಿದೀನಿ. ಅಲ್ಲಿನ ಪೂಜಾರಿ ಸುತಾರಾಂ ಒಪ್ತಿಲ್ಲ. ಅದು ಆ ಟೆಂಪಲ್‌ಗೆ ಸೇರಿದ ಮನೆತನದವರಿಗೆ ಮಾತ್ರ. ಹೊರಗಿನವರದ್ದು ಇಟ್ರೆ ಜನ ಆಬ್ಜೆಕ್ಟ್ ಮಾಡ್ತಾರಂತೆ."

ಪದ್ಮಾ ಅವನನ್ನೇ ನೋಡಿದಳು. "ಇದ್ನ ಕೇಳೋಕೆ ಇಷ್ಟ್ ದೂರ ಬರ್ಬೇಕಾಗಿತ್ತಾ ನಾವು?"

ಚಂದ್ರಕಾಂತ ಫೋನು ನೋಡಿಕೊಂಡ.

"ಪೊಲೀಸ್ನೋರು ನಮ್ನ ಏನೂ ಕೇಳ್ನೇ ಇಲ್ವಲ್ಲ ಸಾರ್," ಶಿವಕುಮಾರ ಒಳಗಿನಿಂದ ಕೇಳಿದ.

"ನಂಗೇ ಕಾಲ್ ಮಾಡಿದ್ರು. ನಿಮಗೆ ಲ್ಯಾಂಗ್ವೇಜ್ ಬರಲ್ಲ, ಅವನ ಪರಿಚಯಾನೂ ಇಲ್ಲ ಅಂದೆ. ನಿಮ್ಮ ಒಳ್ಳೇದಕ್ಕೇ. ಕೇಸು ಅಂತಾದ್ರೆ ಯಾವ ಮಾಲೀಕನೂ ನಿಮ್ಮನ್ನ ಇಟ್ಕೊಳಲ್ಲ. ಫ್ಲೈಟ್ ಬೇರೆ ಇಲ್ಲ. ಎಲ್ಲಿಗೆ ಹೋಗ್ತೀರಾ?"

"ಬೇಸ್ಗೇಲೂ ನೀವು ಹಿಂಗೇ ಮಾಡುದ್ರಿ. ಬಂದೂಕು ಅನ್ನೋ ಮಾತೇ ನಿಮ್ ಬಾಯಿಂದ ಬರ್ನಿಲ್ಲ. ಏನ್ ಯೋಳುದ್ರಿ ಅವತ್ತು?" ಪದ್ಮಾ ಕೇಳಿದಳು.

ಅವನು ಫೋನನ್ನು ಜೇಬಿಗೆ ಹಾಕಿಕೊಂಡ. "ಕಾಡುಪ್ರಾಣಿ ಕಾಟ ಅಂತ ಹೇಳ್ದೆ. ಡೈರೆಕ್ಟ್ ಆಗಿ ಕಂಪ್ಲೇಂಟ್ ಮಾಡಿದ್ರೆ ಇಲ್ಲಿಯವರಿಗೆ ಆಗಲ್ಲ ಪದ್ಮಾ. ಇಷ್ಟಾಗತ್ತೆ ಅಂತ ಯಾರಿಗೆ ಗೊತ್ತಿತ್ತು?"

"ನಮ್ಗೆ ಗೊತ್ತಿತ್ತು ಕಣಯ್ಯ." ಅವಳ ದನಿ ಏರಲಿಲ್ಲ. "ಮೂರ್ ಜನುಕ್ಕೂ ಗೊತ್ತಿತ್ತು. ನಿನ್ನ ನಾಲ್ಗೆ ಸೇದೋಗ. ವೋಗು ಇಲ್ಲಿಂದ."

ಅವನ ಕಾರು ತಿರುವಿನಲ್ಲಿ ಮರೆಯಾದ ಮೇಲೆ ಶಿವಕುಮಾರ ತಲೆ ಹಿಡಿದು ಕೂತ. "ಅಕ್ಕ, ಸುಮ್ಕಿದ್ಬುಡು. ವೀಸಾ ಕಿತ್ತಾಕ್ಬುಟ್ರೆ ಬೀದಿ ಹೆಣ ಆಯ್ತೀವಿ."

"ಸುಮ್ನೇ ಇದ್ದೋಳು ಏನಾದ್ಲು?" ಪದ್ಮಾ ಅಂದಳು. ಆಮೇಲೆ ಅಕ್ಕಿ ತೊಳೆಯಲು ಎದ್ದಳು.

*

ಶನಿವಾರ ಬೆಳಿಗ್ಗೆ ಊರೆಲ್ಲ ಕಪ್ಪು ಬಟ್ಟೆ ತೊಟ್ಟು ಶಾಲೆಯ ಕಡೆ ನಡೆಯಿತು. ಪದ್ಮಾ ಗೊಬ್ಬರದ ಕೊಟ್ಟಿಗೆಗೆ ಹೋದಳು. ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆಯ ಮೇಲೆ ಗೊಬ್ಬರದ ಧೂಳು ಕೂತಿತ್ತು. ಸೆರಗಿಲ್ಲದ್ದರಿಂದ ಅಂಗಿಯ ತೋಳಿನಿಂದಲೇ ಒರೆಸಿದಳು. ಎದೆಗವುಚಿಕೊಂಡಾಗ ಅದು ಒಂದು ಕೋಸಿಗಿಂತ ಹೆಚ್ಚು ಭಾರವಿರಲಿಲ್ಲ. ಮಳವಳ್ಳಿಯ ಗದ್ದೆಯಲ್ಲಿ ಎರಡು ಕಟ್ಟು ಸಸಿ ಒಟ್ಟಿಗೆ ಹೊರುತ್ತಿದ್ದ ಹುಡುಗಿ ತಾರಾ.

"ಅಕ್ಕ, ಬ್ಯಾಡ," ಶಿವಕುಮಾರ ಬಾಗಿಲಿಗೆ ಅಡ್ಡ ನಿಂತ.

"ಜರುಗ್ಲಾ."

ಅವನು ಸರಿದ.

ಶಾಲೆಯ ಆಟದ ಹಾಲ್‌ನಲ್ಲಿ ಕುರ್ಚಿಗಳನ್ನು ದೂರ ದೂರ ಹಾಕಿದ್ದರು. ಮುಂದೆ ಬಿಳಿ ಸೇವಂತಿಗೆಯ ಗೋಡೆ. ಅದರ ನಡುವೆ ಕಪ್ಪು ಚೌಕಟ್ಟಿನ ಮೂರು ಪಟಗಳು. ಮೈಕಿನ ಮುಂದೆ ಮೊರಿತಾ ನಿಂತಿದ್ದ. ಹಿಂದಿನ ಗೋಡೆಗೆ ಒರಗಿ ಕ್ಯಾಮೆರಾದವರು ನಿಂತಿದ್ದರು.

"ಇಂಥದ್ದೊಂದು ನಡೆಯುತ್ತದೆಂದು ಊಹಿಸಲು ನಮ್ಮಲ್ಲಿ ಯಾರಿಗೂ ಸಾಧ್ಯವಿರಲಿಲ್ಲ," ಮೊರಿತಾ ಹೇಳುತ್ತಿದ್ದ. "ಮೂರು ಅಮೂಲ್ಯ ಜೀವಗಳನ್ನು..."

ಪದ್ಮಾ ಬೂಟು ಕಳಚಿ ಒಳಗೆ ಬಂದಳು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಕಾಣುತ್ತಿತ್ತು. ಕುರ್ಚಿಗಳ ನಡುವೆ ನೇರವಾಗಿ ನಡೆದಳು. ಚಂದ್ರಕಾಂತ ಎರಡನೆಯ ಸಾಲಿನಿಂದ ಅರ್ಧ ಎದ್ದು "ಪದ್ಮಾ, ಪ್ಲೀಸ್" ಎಂದ. ಅವಳು ನಿಲ್ಲಲಿಲ್ಲ. ಸೇವಂತಿಗೆಯನ್ನು ಎರಡೂ ಕೈಯಿಂದ ಬದಿಗೆ ಒತ್ತಿ, ಮೂರನೆಯ ಪಟದ ಪಕ್ಕ ಪೆಟ್ಟಿಗೆ ಇಟ್ಟಳು. ತಿರುಗಿದಳು. ಬಂದಷ್ಟು ಭಾಷೆಯಲ್ಲಿ ಹೇಳಿದಳು:

"ತಾರಾ. ಮೂರಲ್ಲ. ನಾಲ್ಕು."

ಕ್ಯಾಮೆರಾ ಅವಳ ಕಡೆ ತಿರುಗಿತು.

"ಸೆಗಾವಾ ತೆಪ್ಪೋ ತೋರಿಸಿದ. ಬೇಸಿಗೆಯಲ್ಲಿ. ತಾರಾಗೆ. ನನಗೆ. ಬಟ್ಟೆಗೆ ಹೊಡೆದ. ಮೊರಿತಾ ಸಾನ್ ಬಟ್ಟೆ ನೋಡಿದರು. ನಕ್ಕರು. ನಾಯಿ ಹೊಡೆದ. ಮೊರಿತಾ ಸಾನ್ ನೋಡಿದರು. ಓನೋ ಸಾನ್ ನೋಡಿದರು. ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು."

ಮುಂದಿನ ಸಾಲಿನಲ್ಲಿ ಗಂಡನನ್ನು ಕಳೆದುಕೊಂಡ ಮುದುಕಿಯೊಬ್ಬಳು ಕೂತಿದ್ದಳು. ಅವಳು ನಿಧಾನವಾಗಿ ಓನೋನ ಕಡೆ ಮುಖ ತಿರುಗಿಸಿದಳು. "ನಾಯಿ?" ಎಂದು ಕೇಳಿದಳು. ಓನೋ ಮೊಣಕಾಲ ಮೇಲಿದ್ದ ತನ್ನ ಕೈಗಳನ್ನು ನೋಡುತ್ತಿದ್ದ.

"ಈಕೆಗೆ ಆಘಾತವಾಗಿದೆ," ಮೊರಿತಾ ಮೈಕಿಗೆ ಹೇಳಿದ. ದನಿ ಒಡೆದು ಬಂತು. "ಇನ್ನು ಧೂಪ ಅರ್ಪಿಸೋಣ."

ಪದ್ಮಾ ಪೆಟ್ಟಿಗೆಯ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಸತ್ತವರ ಮನೆಯವರು ಕೂರಬೇಕಾದ ಜಾಗ ಅದು. ನಾಳೆ ಹೊಲಕ್ಕೆ ಕರೆಯುವುದಿಲ್ಲ, ಕೋಣೆಯಿಂದಲೂ ಹೊರಹಾಕುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಹಿಂದೆ ಯಾರೋ ಕೂತಂತಾಯಿತು. ಬೆವರಿನ, ಕೋಸಿನ ವಾಸನೆ. ಶಿವಕುಮಾರ. ಅವನ ಹಲ್ಲು ಕಟಕಟ ಎನ್ನುತ್ತಿದ್ದುದು ಅವಳಿಗೆ ಕೇಳಿಸುತ್ತಿತ್ತು.

ಸಾಲು ಎದ್ದು ನಿಂತಿತು. ಮೊದಲಿಗೆ ಮೊರಿತಾ. ಮೊದಲ ಪಟಕ್ಕೆ ಬಗ್ಗಿ, ಒಂದು ಚಿಟಿಕೆ ಧೂಪದ ಪುಡಿಯನ್ನು ಹಣೆಯ ಮಟ್ಟಕ್ಕೆ ಎತ್ತಿ ಕೆಂಡದ ಮೇಲೆ ಹಾಕಿದ. ಎರಡನೆಯದಕ್ಕೂ ಹಾಗೆಯೇ. ಮೂರನೆಯದಕ್ಕೂ. ಮುಂದಿನ ಚಿಟಿಕೆಗೆ ಕೈ ತಾನಾಗಿಯೇ ಇಳಿದು, ಪುಡಿ ಹಿಡಿದು ಎದ್ದು, ತಾರಾಳ ಪೆಟ್ಟಿಗೆಯ ಎದುರು ನಿಂತಿತು. ಅವನ ಹಿಂದೆ ಸಂಘದವರು, ಅವರ ಹಿಂದೆ ಊರು, ಬಾಗಿಲಾಚೆ ಮೆಟ್ಟಿಲುಗಳವರೆಗೆ, ಮಾಸ್ಕು ಹಾಕಿಕೊಂಡು, ಒಬ್ಬರಿಂದೊಬ್ಬರು ಮಾರು ದೂರದಲ್ಲಿ ನಿಂತಿದ್ದರು. ಮೊರಿತಾ ಮುಂದೆ ಹೋಗಲಿಲ್ಲ. ಹಿಂದೆ ಸರಿಯಲು ಸಾಲು ಅಡ್ಡವಿತ್ತು. ಪದ್ಮಾ ತಲೆಯೆತ್ತಿ ಅವನ ಕೈಯನ್ನೇ ನೋಡುತ್ತ ಕೂತಳು.