ಕೀಚಕನ ಎರಡು ಪದಕ

ನನ್ನ ಗಂಡ ರಮಾನಾಥರಿಗೆ ಕಣ್ಣಿದೆ, ಆದರೆ ಅದು ಇನ್ನೂ ಊರಿನ ಯಕ್ಷಗಾನದ ಬಯಲಿನಲ್ಲೇ ಇದೆ. ದೇಶದ ರಾಜಧಾನಿಯ ರೋಹಿಣಿ ಬಡಾವಣೆಯಲ್ಲಿ ಹೋಟೆಲು ಹಾಕಿ ಇಷ್ಟು ವರ್ಷವಾದರೂ ಬಣ್ಣದ್ದೇನು ಕಂಡರೂ ಅವರಿಗೆ ವೇಷವೇ.

ಕನ್ನಡ ಸಂಘದ ನಾಟಕಕ್ಕೆ ಇವರು ಪ್ರತಿ ವರ್ಷ ಇಡ್ಲಿ ವಡೆ ಕಳಿಸುತ್ತಿದ್ದರು. ಸಂಘದವರು ಅದನ್ನು ತಿಂದು, ಇವರ ಕೈಗೆ ಈಟಿ ಕೊಟ್ಟು ಭಟನಾಗಿ ನಿಲ್ಲಿಸುತ್ತಿದ್ದರು. ಬಾಯಿ ಬಿಡುವ ಹಾಗಿಲ್ಲ. ಈ ಸಲ ಕಾರ್ಯದರ್ಶಿ ಜಗನ್ನಾಥರಿಗೆ ಎಲ್ಲಿಂದ ಬುದ್ಧಿ ಬಂತೋ, ಕೀಚಕನ ಪಾತ್ರ ಕೊಟ್ಟರು. ಭೀಮ ಸ್ವತಃ ಜಗನ್ನಾಥರೇ.

"ಡ್ರೆಸ್ ನೀವೇ ನೋಡ್ಕೊಳ್ಳಿ. ಜನ ನಕ್ಕರೆ ಮುಂದಿನ ವರ್ಷ ಮತ್ತೆ ಈಟಿ" ಎಂದರು. ತಮಾಷೆಗೆ ಹೇಳಿದ್ದು. ಇವರ ನಿದ್ದೆ ಹೋಯಿತು.

ಭಾನುವಾರ ಹೌಜ್ ಖಾಸಿನ ಹಳೆ ಚಿತ್ರಗಳ ಅಂಗಡಿಯಿಂದ ಒಂದು ಪಟ ಹಿಡಿದುಕೊಂಡು ಬಂದರು. ವಿದೇಶದ ಯಾವುದೋ ಹಳೆ ನಾಟಕ ಕಂಪನಿಗೆ ಬರೆದ ವೇಷದ ಚಿತ್ರವಂತೆ. ಬಟ್ಟೆ ಹೇಗೆ ಬೀಳಬೇಕೆಂದು ಅಂಚಿನಲ್ಲಿ ಪೆನ್ಸಿಲ್ ಗೆರೆ, ಮೂಲೆಯಲ್ಲಿ ದರ್ಜಿಯ ಪಿನ್ನಿನ ತೂತು.

"ನೋಡು ಮಾರಾಯ್ತಿ! ಗರಿಯ ಕಿರೀಟ, ಹೆಗಲಿಗೆ ಭುಜಕೀರ್ತಿ, ಕಣ್ಣಿಗೆ ಕಪ್ಪು, ತುಟಿಗೆ ಕೆಂಪು. ನಮ್ಮ ರಾಜವೇಷವೇ. ಈ ಪರದೇಶದವರು ಎಲ್ಲಿ ಕದ್ದರೋ!"

"ಮೀಸೆ ಎಲ್ಲಿ?"

"ಎಳೆ ಪ್ರಾಯದವನು. ಬಂದಿಲ್ಲ."

"ಎದೆಯ ಮೇಲೆ ಪದಕ ಎರಡು ಯಾಕೆ?"

"ದೊಡ್ಡ ವೇಷ. ಒಂದು ಸಾಲದು."

ನಾನು ಓದಿದ್ದು ಊರ ಶಾಲೆಯಲ್ಲಿ. ಆದರೂ ಆ ಸೊಂಟ ನೋಡಿ ಅನುಮಾನ ಬಂತು. ಹೊರಗೆ ಗಿರಾಕಿಗಳು ಕೂಗುತ್ತಿದ್ದರು, ಬಿಟ್ಟೆ. ಓಖ್ಲಾದ ಬಟ್ಟೆ ಕಾರ್ಖಾನೆಯಲ್ಲಿ ಉಳಿದ ಜರಿ ತುಂಡು ತಂದು, ಪಟ ಮುಂದಿಟ್ಟುಕೊಂಡು ಹೊಲಿದೆ. ಪಟದಲ್ಲಿದ್ದ ಸೊಂಟ ನನ್ನ ಗಂಡನ ತೋಳಿನಷ್ಟು. ಬಟ್ಟೆ ಎಷ್ಟು ತಂದರೂ ಸಾಲಲಿಲ್ಲ. ಎರಡು ಚಟ್ನಿ ಬಟ್ಟಲಿಗೆ ಜರಿ ಸುತ್ತಿ ಪದಕ ಮಾಡಿದೆ.

ನಾಟಕದ ದಿನ ಬೆಳಿಗ್ಗೆ ಮಗಳು ರಶ್ಮಿತಾ ಹಾಸ್ಟೆಲಿನಿಂದ ಬಂದಳು. ವೇಷ ತೊಟ್ಟು ನಿಂತ ಅಪ್ಪನನ್ನು ನೋಡಿದಳು, ಪಟ ನೋಡಿದಳು, ನೆಲಕ್ಕೆ ಕುಸಿದು ನಕ್ಕಳು.

"ಪಪ್ಪಾ, ಯೇ ತೋ ಲೇಡಿ ಹೈ! ಮ್ಯೂಸಿಕ್ ಹಾಲಲ್ಲಿ ಕಾಲೆತ್ತಿ ಕುಣಿಯೋ ಡ್ಯಾನ್ಸರ್!"

ಇವರು ಕನ್ನಡಿ ನೋಡಿಕೊಂಡರು. ಬಟ್ಟಲುಗಳನ್ನು ಒಂದೊಂದಾಗಿ ಮುಟ್ಟಿದರು. ಮೆಲ್ಲಗೆ ಕುರ್ಚಿಯಲ್ಲಿ ಕುಳಿತರು.

"ಗುಂಡಣ್ಣನಿಗೆ ಫೋನ್ ಮಾಡು" ಎಂದರು. ಗುಂಡಣ್ಣ ಈಟಿ ಹಿಡಿಯುವ ಇನ್ನೊಬ್ಬ ಭಟ. "ಅವನೇ ಕೀಚಕ ಆಗಲಿ. ನನಗೆ ಈಟಿಯೇ ಸಾಕು."

ನನಗೆ ಸಿಟ್ಟು ನೆತ್ತಿಗೇರಿತು. "ಈಟಿಯಂತೆ ಈಟಿ! ಜಗನ್ನಾಥರು ಸೀರೆ ಉಟ್ಟು ಬಂದು ನಿಮ್ಮನ್ನು ಕೊಲ್ಲುವುದಲ್ಲವಾ? ಅವರಿಗಿಲ್ಲದ ನಾಚಿಕೆ ನಿಮಗೆಂತಕ್ಕೆ? ಊರಲ್ಲಿ ನಿಮ್ಮ ಸೋದರಮಾವ ಎಲೆಅಡಿಕೆ ಉಗಿದು ಬಂದು ದ್ರೌಪದಿ ಆಗುತ್ತಿರಲಿಲ್ಲವಾ?"

"ಅದು ಬೇರೆ, ಮಾರಾಯ್ತಿ."

"ಎಂತ ಬೇರೆಯೂ ಇಲ್ಲ. ನೆಟ್ಟಗೆ ನಿಲ್ಲಿ!"

ಒಂದು ಬಟ್ಟಲನ್ನು ಎದೆಯ ನಡುವಿಗೆ ತಂದೆ, ಇನ್ನೊಂದನ್ನು ಹೊಟ್ಟೆಯ ಪಟ್ಟಿಗೆ ಹೊಲಿದೆ. ರಶ್ಮಿತಾ ಕಿವಿ ಮುಟ್ಟುವ ಹಾಗೆ ಮೀಸೆ ಬರೆದಳು.

ಪರದೆ ಸರಿದಾಗ ಸಭೆ ಸುಮ್ಮನಾಯಿತು. ಎಲ್ಲೋ ಒಬ್ಬ ಕಿಸಕ್ಕೆಂದ. ಇವರು ಊರಿನ ಯಕ್ಷಗಾನದವರ ಹಾಗೆ ಗಿರ್ರನೆ ಒಂದು ಸುತ್ತು ತಿರುಗಿದರು. ಗರಿಗಳೆಲ್ಲ ಅರಳಿಕೊಂಡವು. ಪಟ ಬರೆದವರು ಕುಣಿಯಲಿಕ್ಕೇ ಬರೆದದ್ದಲ್ಲವಾ! ಚಪ್ಪಾಳೆ ನಿಲ್ಲಲೇ ಇಲ್ಲ.

ಜನ ನಕ್ಕದ್ದು ಜಗನ್ನಾಥರು ಸೀರೆ ಎಡವಿ ಬಿದ್ದಾಗ. ಕೀಚಕನೇ ಕೈಹಿಡಿದು ಭೀಮನನ್ನು ಎಬ್ಬಿಸಿದ, ಆಮೇಲೆ ಅವನ ಕೈಯಲ್ಲೇ ಸತ್ತ.

ಮುಂದಿನ ವರ್ಷಕ್ಕೆ ಇವರು ರಾವಣ.

ಪಟ ಈಗ ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಯಲ್ಲಿ ತೂಗುತ್ತಿದೆ. "ಯೇ ಕೌನ್ ಹೈ?" ಎಂದು ಗಿರಾಕಿಗಳು ಕೇಳಿದರೆ, "ಕೀಚಕ್" ಎಂದು ಇವರು ಗಂಭೀರವಾಗಿ ಹೇಳುತ್ತಾರೆ. ಅವರು ಪಟ ನೋಡುತ್ತಾರೆ, ಇವರ ಹೊಟ್ಟೆ ನೋಡುತ್ತಾರೆ, ದೋಸೆಗೆ ತಲೆ ತಗ್ಗಿಸುತ್ತಾರೆ.

ಬಟ್ಟಲನ್ನು ಮಾತ್ರ ಜರಿ ಬಿಚ್ಚಿ, ತೊಳೆದು, ಚಟ್ನಿಗೇ ಹಾಕಿದೆ. ಹೋಟೆಲು ನಡೆಯಬೇಕಲ್ಲ.